ಬೆಕ್ಕಿನ ಕಣ್ಣು ಅಂಟಿಕೊಂಡರೆ: ಮನೆಯಲ್ಲಿ ಏನು ನೋಡಬೇಕು, ಡಾಕ್ಟರ ಹತ್ತಿರ ಯಾವಾಗ ಹೋಗಬೇಕು

ನಮ್ಮ ಮನೆ ಸಕಲೇಶಪುರದ ಹತ್ತಿರ, ಕಾಫಿ ತೋಟದ ಅಂಚಿನಲ್ಲಿದೆ. ಇಲಿ ಕಾಟಕ್ಕೆ ಅಂತ ತಂದ ಚಿನ್ನಿ ಈಗ ಅಟ್ಟ, ಗೋಣಿಚೀಲದ ರಾಶಿ, ಬಚ್ಚಲು ಒಲೆಯ ಬದಿ ಎಲ್ಲವನ್ನೂ ತನ್ನದು ಮಾಡಿಕೊಂಡಿದ್ದಾಳೆ. ಎರಡು ವರ್ಷದ ಹಿಂದೆ, ಆರಿದ್ರಾ ಮಳೆ ಹಿಡಿದಿದ್ದಾಗ, ಒಂದು ಬೆಳಿಗ್ಗೆ ಎಡಗಣ್ಣು ಅರ್ಧ ಮುಚ್ಚಿಕೊಂಡು ಬಂದಳು. ನೀರು ಸೋರುತ್ತಿತ್ತು, ಗೀಜು ಅಷ್ಟೇನೂ ಇರಲಿಲ್ಲ. "ತಂಡಿ ಗಾಳಿಗೆ ಹಂಗಾಗಿದೆ ಬಿಡು, ಎರಡು ದಿನಕ್ಕೆ ಸರಿ ಹೋಗುತ್ತೆ" ಎಂದರು ಅಜ್ಜಿ. ಮನೆಯಲ್ಲಿ ತಾತನ ಪೊರೆ ಆಪರೇಷನ್ ಆದಮೇಲೆ ಉಳಿದ ಕಣ್ಣಿನ ಡ್ರಾಪ್ಸ್ ಇತ್ತು. ಮೂರು ದಿನ ಅದನ್ನೇ ಹಾಕಿದೆ. ನಾಲ್ಕನೇ ದಿನ ಕಣ್ಣಿನ ಮೇಲೆ ನೀಲಿ ಬೆರೆತ ಬಿಳಿ ಮಂಜು ಕಟ್ಟಿತ್ತು.

ಹಾಸನಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಒಂದು ಕೇಸರಿ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟರು. ಕಣ್ಣಿನ ನಡುವೆ ಹಸಿರು ಕಲೆ ಹೊಳೆಯಿತು. ಅದು ಹುಣ್ಣು. ನಾನು ಹಾಕಿದ ಡ್ರಾಪ್ಸ್‌ನಲ್ಲಿ ಸ್ಟಿರಾಯ್ಡ್ ಇತ್ತು. ಹುಣ್ಣಿರುವ ಕಣ್ಣಿಗೆ ಅದು ಬಿದ್ದರೆ ಗಾಯ ಮಾಯುವುದು ನಿಂತುಹೋಗುತ್ತದೆ, ಹುಣ್ಣು ಇನ್ನೂ ಆಳಕ್ಕೆ ಇಳಿಯುತ್ತದೆ. ಚಿನ್ನಿಯ ಕಣ್ಣು ಉಳಿಯಿತು. ಆದರೆ ಹೂವು ಬಿದ್ದ ಗುರುತು ಹಾಗೇ ಇದೆ. ಅವತ್ತು ನನಗೆ ಗೊತ್ತಿರಬೇಕಾಗಿದ್ದ ಸಂಗತಿಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಆರೋಗ್ಯದ ಕಣ್ಣು ಹೇಗಿರುತ್ತದೆ ಎಂದು ಮೊದಲು ನೋಡಿಟ್ಟುಕೊಳ್ಳಿ

ಬೆಕ್ಕು ಚೆನ್ನಾಗಿರುವಾಗಲೇ ಒಂದು ದಿನ ಬಾಗಿಲ ಬೆಳಕಿನಲ್ಲಿ ಕೂರಿಸಿಕೊಂಡು ನೋಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಮುಂದೆ ಹೋಲಿಸಲು ಅನುಕೂಲ. ಕಣ್ಣಿನ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿರಬೇಕು. ಎರಡೂ ಪಾಪೆಗಳು ಒಂದೇ ಅಳತೆಯಲ್ಲಿರಬೇಕು: ಬಿಸಿಲಿನಲ್ಲಿ ಗೆರೆಯಷ್ಟು, ಮಬ್ಬಿನಲ್ಲಿ ಅಗಲ. ಕೆಳರೆಪ್ಪೆಯನ್ನು ಸ್ವಲ್ಪ ಎಳೆದರೆ ಒಳಗೆ ತೆಳು ಗುಲಾಬಿ ಬಣ್ಣ ಕಾಣಬೇಕು.

ಬೆಳಿಗ್ಗೆ ಎದ್ದಾಗ ಮೂಗಿನ ಕಡೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಗೀಜು ಇದ್ದರೆ ಅದು ಸಹಜ. ಬೆಕ್ಕಿನ ಕಣ್ಣೀರು ಒಣಗಿದಾಗ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ರಕ್ತ ಬಂತು ಅಂತ ಹೆದರುವವರಿದ್ದಾರೆ, ಅದು ರಕ್ತವಲ್ಲ. ಪರ್ಷಿಯನ್ ಜಾತಿಯಂಥ ಚಪ್ಪಟೆ ಮುಖದ ಬೆಕ್ಕುಗಳಿಗೆ ಕಣ್ಣೀರು ಸರಿಯಾಗಿ ಇಳಿಯದೆ ಕೆನ್ನೆಯ ಮೇಲೆ ದಿನವೂ ಕಲೆ ಆಗುತ್ತದೆ. ಅಂಥವುಗಳಿಗೆ ದಿನಾ ಒರೆಸುವ ಅಭ್ಯಾಸ ಬೇಕು.

ಬೆಕ್ಕಿಗೆ ಮೂರನೇ ರೆಪ್ಪೆ ಒಂದಿದೆ. ಮೂಗಿನ ಬದಿಯಿಂದ ಅಡ್ಡಡ್ಡ ಬರುವ ಬಿಳಿಚಿದ ಪರದೆ ಅದು. ನಿದ್ದೆಗಣ್ಣಿನಲ್ಲಿ ಒಂದು ಕ್ಷಣ ಕಾಣಿಸಿ ಮರೆಯಾದರೆ ಚಿಂತೆಯಿಲ್ಲ.

ಹಂತ 2: ದೂರದಿಂದ ನೋಡಿ, ಮುಟ್ಟಬೇಡಿ

ನಾವೆಲ್ಲ ಗೀಜನ್ನೇ ನೋಡುತ್ತೇವೆ. ಆದರೆ ಗೀಜಿಗಿಂತ ಮುಚ್ಚಿದ ಕಣ್ಣು ದೊಡ್ಡ ಸೂಚನೆ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಕಾಲು ಮುರಿದಿದ್ದರೂ ಸುಮ್ನೆ ಮೂಲೆ ಸೇರಿಬಿಡುತ್ತದೆ. ಅಂಥದ್ದು ಒಂದು ಕಣ್ಣನ್ನು ಕಿರಿದು ಮಾಡಿಕೊಂಡಿದೆ ಅಂದರೆ ಆ ಕಣ್ಣು ನೋಯುತ್ತಿದೆ ಎಂದೇ ಅರ್ಥ. ಎರಡೂ ಕಣ್ಣಲ್ಲಿ ಗೀಜು ತುಂಬಿದ್ದರೂ ಅಗಲವಾಗಿ ಕಣ್ಣು ಬಿಟ್ಟು, ಹಾಲಿಗೆ ಕೂಗುತ್ತಾ ಬರುವ ಬೆಕ್ಕಿಗಿಂತ, ಗೀಜೇ ಇಲ್ಲದೆ ಒಂದು ಕಣ್ಣು ಬಿಗಿದು ಕೂತ ಬೆಕ್ಕಿನ ಸ್ಥಿತಿ ಹೆಚ್ಚು ಅವಸರದ್ದು.

ಐದು ನಿಮಿಷ ಸುಮ್ಮನೆ ಕೂತು ನೋಡಿ. ಮುಂಗಾಲಿನಿಂದ ಮತ್ತೆ ಮತ್ತೆ ಕಣ್ಣು ಉಜ್ಜುತ್ತಿದೆಯಾ? ಬೆಳಕಿದ್ದ ಕಡೆಯಿಂದ ಮುಖ ತಿರುಗಿಸುತ್ತಿದೆಯಾ? ಮಂಚದ ಕೆಳಗೆ, ಕತ್ತಲೆಯಲ್ಲಿ ಕೂರುತ್ತಿದೆಯಾ? ಸೀನುತ್ತಿದೆಯಾ? ತಟ್ಟೆಯ ಹತ್ತಿರ ಬಂದು ಮೂಸಿ ಹಾಗೇ ಹೋಗುತ್ತಿದೆಯಾ? ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಗೊತ್ತಾಗುವುದಿಲ್ಲ, ವಾಸನೆ ಇಲ್ಲದಿದ್ದರೆ ಅದು ಊಟ ಮಾಡುವುದಿಲ್ಲ. ಹಾಗೆ ಎರಡು ಮೂರು ದಿನ ಉಪವಾಸ ಇದ್ದರೆ ಯಕೃತ್ತಿಗೇ ತೊಂದರೆಯಾಗುತ್ತದೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ.

ಹಂತ 3: ಈಗ ಹತ್ತಿರದಿಂದ ನೋಡಿ

ಕೈ ತೊಳೆದುಕೊಳ್ಳಿ. ಬೆಕ್ಕನ್ನು ಮೇಜಿನ ಮೇಲೆ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂರಿಸಿ. ಎದುರಿನಿಂದ ಹಿಡಿಯಲು ಹೋದರೆ ಹಿಂದೆ ಹಿಂದೆ ಜರುಗುತ್ತದೆ. ಗದ್ದದ ಕೆಳಗೆ ಕೈ ಕೊಟ್ಟು ಮುಖ ಮೇಲೆತ್ತಿ. ಮೊಬೈಲ್ ಟಾರ್ಚನ್ನು ನೇರ ಕಣ್ಣಿಗೆ ಬಿಡಬೇಡಿ, ಬದಿಯಿಂದ ಬಿಡಿ. ಬದಿಯ ಬೆಳಕಿನಲ್ಲಿ ಕಣ್ಣಿನ ಮೇಲಿನ ತಗ್ಗು, ಗೆರೆ, ಮಂಜು ಚೆನ್ನಾಗಿ ಕಾಣುತ್ತದೆ. ಯಾವಾಗಲೂ ಎರಡು ಕಣ್ಣುಗಳನ್ನು ಹೋಲಿಸಿ ನೋಡಿ.

ನೀರಿನಂಥ ಸ್ರಾವ ಇದ್ದರೆ ವೈರಸ್, ಹೊಗೆ, ಧೂಳು ಅಥವಾ ಗೀರು ಕಾರಣವಿರಬಹುದು. ಹಳದಿ, ಹಸಿರು ಬಣ್ಣದ ಮಂದ ಕೀವು ಬ್ಯಾಕ್ಟೀರಿಯಾದ ಗುರುತು. ರೆಪ್ಪೆಯ ಒಳಗಿನ ಗುಲಾಬಿ ಚರ್ಮ ಕೆಂಪಾಗಿ, ಜೆಲ್ಲಿಯ ಹಾಗೆ ಉಬ್ಬಿ ಕಣ್ಣನ್ನೇ ಮುಚ್ಚುವಂತಿದ್ದರೆ ಸೋಂಕು ಜೋರಾಗಿದೆ.

ಮೂರನೇ ರೆಪ್ಪೆ ಒಂದೇ ಕಣ್ಣಿನಲ್ಲಿ ಮೇಲೆ ಬಂದು ನಿಂತಿದ್ದರೆ ತೊಂದರೆ ಸಾಮಾನ್ಯವಾಗಿ ಆ ಕಣ್ಣಿನಲ್ಲೇ ಇರುತ್ತದೆ. ಎರಡರಲ್ಲೂ ಬಂದಿದ್ದರೆ ಮೈಯಲ್ಲೇ ಏನೋ ಸರಿಯಿಲ್ಲ ಎಂದುಕೊಳ್ಳಿ: ಜ್ವರ, ಜಂತು, ಭೇದಿ, ನಿತ್ರಾಣ.

ಮಂಜು, ಬಿಳಿ ಚುಕ್ಕೆ, ನೀಲಿ ಛಾಯೆ, ಕಂದು ಅಥವಾ ಕಪ್ಪು ಹಕ್ಕಳೆಯಂಥ ಕಲೆ, ಪಾಪೆ ಒಂದು ದೊಡ್ಡದು ಒಂದು ಚಿಕ್ಕದು, ಕಣ್ಣಿನ ಬಣ್ಣವೇ ಬದಲಾದದ್ದು, ಒಳಗೆ ರಕ್ತ ನಿಂತದ್ದು. ಇವುಗಳಲ್ಲಿ ಯಾವುದೊಂದು ಕಂಡರೂ ಮನೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಬುಟ್ಟಿ ಹುಡುಕಿ.

ಹಂತ 4: ಕಾರಣ ಯಾವುದಿರಬಹುದು

ಮರಿಗಳಲ್ಲಿ ಜಾಸ್ತಿ ಕಾಣುವುದು ಬೆಕ್ಕಿನ ನೆಗಡಿ. ಅದರ ಹಿಂದೆ ಬೆಕ್ಕಿನ ಹರ್ಪಿಸ್ ವೈರಸ್ ಅಥವಾ ಕ್ಯಾಲಿಸಿ ವೈರಸ್ ಇರುತ್ತದೆ. ಸೀನು, ಮೂಗು ಸೋರುವುದು, ಜ್ವರ, ಎರಡೂ ಕಣ್ಣು ಕೆಂಪು. ಕ್ಯಾಲಿಸಿ ಆದರೆ ನಾಲಿಗೆಯ ಮೇಲೆ ಹುಣ್ಣೂ ಆಗುತ್ತದೆ, ಜೊಲ್ಲು ಸುರಿಸುತ್ತದೆ. ಹರ್ಪಿಸ್ ಮಾತ್ರ ಕಣ್ಣಿನ ಮೇಲೇ ಹುಣ್ಣು ಮಾಡುವ ವೈರಸ್. ಒಮ್ಮೆ ಬಂದರೆ ಹೆಚ್ಚಿನ ಬೆಕ್ಕುಗಳಲ್ಲಿ ಅದು ಪೂರ್ತಿ ಹೋಗುವುದಿಲ್ಲ. ನರಗಳಲ್ಲಿ ಅಡಗಿ ಕೂರುತ್ತದೆ. ಮನೆಗೆ ಹೊಸ ಬೆಕ್ಕು ಬಂದಾಗ, ಮರಿ ಹಾಕಿದಾಗ, ಜಾಗ ಬದಲಾದಾಗ, ಬೇರೆ ಕಾಯಿಲೆ ಬಿದ್ದಾಗ ಮತ್ತೆ ಏಳುತ್ತದೆ. "ಪ್ರತಿ ವರ್ಷ ಅದೇ ಕಣ್ಣು ಹಂಗಾಗುತ್ತೆ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೆನೆಸುವುದು ಇದನ್ನೇ.

ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಒಂದು ವರ್ಷದೊಳಗಿನ ಬೆಕ್ಕುಗಳಲ್ಲಿ ಹೆಚ್ಚು. ಇದು ಒಂದು ಕಣ್ಣಿನಲ್ಲಿ ಶುರುವಾಗಿ ಕೆಲವು ದಿನದಲ್ಲಿ ಇನ್ನೊಂದಕ್ಕೆ ದಾಟುತ್ತದೆ. ರೆಪ್ಪೆಯ ಒಳಭಾಗ ತುಂಬಾ ಉಬ್ಬುತ್ತದೆ, ಆದರೆ ಬೆಕ್ಕು ಊಟ ಮಾಡಿಕೊಂಡು ಓಡಾಡಿಕೊಂಡಿರುತ್ತದೆ. ಇದಕ್ಕೆ ಬರೀ ಡ್ರಾಪ್ಸ್ ಸಾಲದು. ಸಾಮಾನ್ಯವಾಗಿ ಡಾಕ್ಟರು ಡಾಕ್ಸಿಸೈಕ್ಲಿನ್ ಔಷಧಿಯನ್ನು ಸುಮಾರು 4 ವಾರ ಕೊಡುತ್ತಾರೆ, ಮನೆಯ ಎಲ್ಲಾ ಬೆಕ್ಕುಗಳಿಗೂ ಕೊಡಬೇಕಾಗಬಹುದು. ಆ ಮಾತ್ರೆ ಒಣಗಿದ್ದಂತೆ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಸುಟ್ಟಂತಾಗುತ್ತದೆ. ನುಂಗಿಸಿದ ಮೇಲೆ ಸಿರಿಂಜಿನಲ್ಲಿ ಸ್ವಲ್ಪ ನೀರು ಅಥವಾ ಒಂದು ತುತ್ತು ಊಟ ಕೊಡಲೇಬೇಕು.

ನಮ್ಮ ಕಡೆ ಸೋಂಕಲ್ಲದ ಕಾರಣಗಳೂ ಬೇಕಾದಷ್ಟಿವೆ. ಲಂಟಾನ ಪೊದೆಯಲ್ಲಿ ನುಗ್ಗಿದ ಬೆಕ್ಕಿಗೆ ಮುಳ್ಳು ಗೀರುತ್ತದೆ. ಗಂಡು ಬೆಕ್ಕುಗಳು ರಾತ್ರಿ ಕಚ್ಚಾಡಿ ಉಗುರು ತಾಗಿಸಿಕೊಳ್ಳುತ್ತವೆ. ಒಣಹುಲ್ಲಿನ ಚೂರು, ಭತ್ತದ ಹೊಟ್ಟು ರೆಪ್ಪೆಯೊಳಗೆ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ ಬಚ್ಚಲು ಒಲೆಗೆ ಹಸಿ ಸೌದೆ ಹಾಕಿದರೆ ನಮ್ಮ ಕಣ್ಣೇ ಉರಿಯುತ್ತದೆ, ಒಲೆ ಬದಿಯಲ್ಲೇ ಮಲಗುವ ಬೆಕ್ಕಿನ ಕಣ್ಣು ಉರಿಯದೆ ಇರುತ್ತದಾ? ಎಕ್ಕದ ಹಾಲು, ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ಸುಡುತ್ತದೆ. ಇನ್ನು ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ ಎರಡೂ ಇರುವ ಅದನ್ನು ಮಳೆಗಾಲದ ಮುಂಚೆ ಕಾಫಿಗೆ, ಅಡಿಕೆಗೆ ಹೊಡೆಯುತ್ತೇವೆ. ಸಿಂಪಡಣೆ ದಿನ ಬೆಕ್ಕನ್ನು ಒಳಗೆ ಕೂಡಿಹಾಕಿ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಡಾಕ್ಟರಿಗೆ ಫೋನ್ ಮಾಡುವುದಕ್ಕೂ ಮುಂಚೆ ತಣ್ಣೀರು ಸುರಿಯಲು ಶುರು ಮಾಡಿ. 15–20 ನಿಮಿಷ ಬಿಡದೆ, ಚೆಂಬಿನಿಂದ ಸಣ್ಣ ಧಾರೆಯಾಗಿ. ಬೆಕ್ಕು ಪರಚುತ್ತದೆ, ಇಬ್ಬರು ಇರಬೇಕು.

ವಯಸ್ಸಾದ ಬೆಕ್ಕಿನ ವಿಷಯ ಬೇರೆಯೇ. ಕೆಂಪಿಲ್ಲ, ಗೀಜಿಲ್ಲ, ಆದರೆ ಪಾಪೆ ಅಗಲವಾಗಿ ಹಾಗೇ ನಿಂತು, ಹೊಸ್ತಿಲು ಎಡವುತ್ತಿದ್ದರೆ ಅದು ರಕ್ತದೊತ್ತಡ ಇರಬಹುದು. ಕಿಡ್ನಿ ಕೆಟ್ಟ ಬೆಕ್ಕುಗಳಿಗೆ ಬಿಪಿ ಏರಿ ಕಣ್ಣಿನ ಹಿಂದಿನ ಪದರ ಕಳಚಿಕೊಳ್ಳುತ್ತದೆ. ಅವತ್ತೇ ಚಿಕಿತ್ಸೆ ಸಿಕ್ಕರೆ ಸ್ವಲ್ಪವಾದರೂ ದೃಷ್ಟಿ ಮರಳುವ ಆಸೆ ಇರುತ್ತದೆ. ವಯಸ್ಸಾಯ್ತು, ಕಣ್ಣು ಹೋಯ್ತು ಅಂತ ಬಿಟ್ಟುಬಿಡಬೇಡಿ.

ಹಂತ 5: ಎಷ್ಟು ಅವಸರ ಎಂದು ತೀರ್ಮಾನಿಸಿ

ಈಗಲೇ ಹೊರಡಬೇಕಾದದ್ದು: ಕಣ್ಣು ಬಿಡಲಾರದೆ ಬಿಗಿದುಕೊಂಡಿದ್ದರೆ, ಮಂಜು ಕಟ್ಟಿದ್ದರೆ, ಗುಡ್ಡೆ ಉಬ್ಬಿ ಹೊರಗೆ ಬಂದಂತಿದ್ದರೆ, ಒಳಗೆ ರಕ್ತ ಕಂಡರೆ, ಏನಾದರೂ ಚುಚ್ಚಿಕೊಂಡಿದ್ದರೆ, ಸುಣ್ಣ ಅಥವಾ ಔಷಧಿ ಬಿದ್ದಿದ್ದರೆ, ಇದ್ದಕ್ಕಿದ್ದಂತೆ ಕಣ್ಣು ಕಾಣದಂತಾದರೆ. ಚುಚ್ಚಿಕೊಂಡದ್ದನ್ನು ನೀವು ಕೀಳಲು ಹೋಗಬೇಡಿ.

ಇನ್ನೂ ಕಣ್ಣು ತೆರೆಯದ ಮರಿಗಳೂ ಇದೇ ಸಾಲಿಗೆ. ಮರಿಗಳು ಹುಟ್ಟಿ 7ರಿಂದ 14 ದಿನದಲ್ಲಿ ಕಣ್ಣು ಬಿಡುತ್ತವೆ. ಅದಕ್ಕೂ ಮುಂಚೆ ಮುಚ್ಚಿದ ರೆಪ್ಪೆ ಗುಳ್ಳೆಯ ಹಾಗೆ ಉಬ್ಬಿದರೆ, ಅಥವಾ ಮೂಲೆಯಿಂದ ಕೀವು ಜಿನುಗಿದರೆ, ರೆಪ್ಪೆಯ ಹಿಂದೆ ಕೀವು ತುಂಬಿದೆ ಎಂದರ್ಥ. ಅದು ಹೊರಗೆ ಬರದಿದ್ದರೆ ಕಣ್ಣೇ ಕರಗಿಹೋಗುತ್ತದೆ. ಹಳ್ಳಿ ಕಡೆ ಒಂದು ಕಣ್ಣಿಲ್ಲದ ಬೆಕ್ಕುಗಳನ್ನು ನೋಡಿದಾಗಲೆಲ್ಲ, ಮರಿಯಾಗಿದ್ದಾಗ ಯಾರಾದರೂ ಒಂದು ದಿನ ಬಿಡುವು ಮಾಡಿಕೊಂಡಿದ್ದರೆ ಇದರ ಕಣ್ಣು ಉಳಿಯುತ್ತಿತ್ತೇನೋ ಎಂದು ನನಗೆ ಅನಿಸುತ್ತದೆ.

ನಾಳೆಯೊಳಗೆ ತೋರಿಸಬೇಕಾದದ್ದು: ಹಳದಿ ಅಥವಾ ಹಸಿರು ಕೀವು, ಕೆಂಪು, ಊತ, ಸೀನಿನ ಜೊತೆ ಊಟ ಬಿಟ್ಟಿರುವುದು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹರಡಿದ್ದು. ಮರಿಗಳಾದರೆ ಇದರಲ್ಲಿ ಯಾವುದಕ್ಕೂ ಕಾಯಬೇಡಿ.

ಒಂದು ದಿನ ಕಾಯಬಹುದಾದದ್ದು ಒಂದೇ ಸ್ಥಿತಿ. ಕಣ್ಣು ಪೂರ್ತಿ ತೆರೆದಿದೆ, ಹೊಳಪಿದೆ, ನೀರು ಮಾತ್ರ ಸ್ವಲ್ಪ ಸೋರುತ್ತಿದೆ, ಊಟ ಆಟ ಮೊದಲಿನ ಹಾಗೇ ಇದೆ. ಮಾರನೇ ದಿನವೂ ಹಾಗೇ ಇದ್ದರೆ ತೋರಿಸಿ.

ಹಂತ 6: ಹೋಗುವ ಮುಂಚೆ ಒರೆಸಿ, ಅಷ್ಟೇ

ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಬಾಟಲಿ ಸಿಗುತ್ತದೆ, 0.9 ಶೇಕಡಾ ಉಪ್ಪಿನ ಶುದ್ಧ ನೀರು. ಅದಿಲ್ಲದಿದ್ದರೆ ಕುದಿಸಿ ಆರಿಸಿದ ಬರೀ ನೀರು ಸಾಕು. ಹತ್ತಿಯನ್ನು ಅದ್ದಿ, ಅಂಟಿದ ಗೀಜಿನ ಮೇಲೆ ಅರ್ಧ ನಿಮಿಷ ಇಟ್ಟು ನೆನೆಯಲು ಬಿಡಿ. ನೆನೆಯದೆ ಕಿತ್ತರೆ ರೆಪ್ಪೆಯ ಕೂದಲು, ಚರ್ಮ ಎರಡೂ ಬರುತ್ತದೆ. ಆಮೇಲೆ ಮೂಗಿನ ಬದಿಯಿಂದ ಹೊರಗಿನ ಕಡೆಗೆ ಒಂದೇ ಸಲ ಒರೆಸಿ ಆ ಹತ್ತಿಯನ್ನು ಎಸೆಯಿರಿ. ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ಹತ್ತಿಯ ಎಳೆ ಕಣ್ಣಿನಲ್ಲಿ ಉಳಿಯದಂತೆ ನೋಡಿಕೊಳ್ಳಿ. ಗುಡ್ಡೆಯನ್ನು ಉಜ್ಜಬೇಡಿ.

ಹಂತ 7: ಹಾಕಬಾರದ್ದು

ಮನೆಯಲ್ಲಿ ಉಳಿದ ಮನುಷ್ಯರ ಡ್ರಾಪ್ಸ್ ಬೇಡವೇ ಬೇಡ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಎಂಬ ಹೆಸರು ಲೇಬಲ್ಲಿನಲ್ಲಿ ಇದ್ದರೆ ಅದು ಸ್ಟಿರಾಯ್ಡ್. ಆ್ಯಂಟಿಬಯಾಟಿಕ್ ಜೊತೆ ಬೆರೆತೇ ಬರುವುದರಿಂದ ಅಂಗಡಿಯವರು "ಸೋಂಕಿನ ಡ್ರಾಪ್ಸ್" ಅಂತಲೇ ಕೊಟ್ಟುಬಿಡಬಹುದು. ಹುಣ್ಣಿಗೂ ಹರ್ಪಿಸ್‌ಗೂ ಇದು ಶತ್ರು.

ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು, ಅರಿಶಿನದ ನೀರು. ಇವನ್ನೆಲ್ಲ ನಮ್ಮ ಅಜ್ಜಿಯರು ಪ್ರೀತಿಯಿಂದಲೇ ಹಾಕುತ್ತಿದ್ದರು. ಆದರೆ ಇವು ಯಾವುದೂ ಕ್ರಿಮಿಯಿಲ್ಲದ ವಸ್ತುಗಳಲ್ಲ. ಹುಣ್ಣಾದ ಕಣ್ಣಿಗೆ ಹೊಸ ಸೋಂಕನ್ನು ನಾವೇ ತಂದು ಕೊಟ್ಟಂತೆ. ಅಜ್ಜಿಗೆ ನೋವಾಗದ ಹಾಗೆ ಹೇಳಿ, ಆದರೆ ಹೇಳಿ.

ನೋವಿದೆ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿನ ದೇಹಕ್ಕೆ ಅದನ್ನು ಕರಗಿಸುವ ಶಕ್ತಿಯಿಲ್ಲ, ಒಂದು ಮಾತ್ರೆಗೇ ಜೀವ ಹೋಗಬಹುದು. ಮನುಷ್ಯರ ಹರ್ಪಿಸ್‌ಗೆ ಕೊಡುವ ವ್ಯಾಲಾಸೈಕ್ಲೋವಿರ್ ಕೂಡ ಬೆಕ್ಕಿಗೆ ವಿಷ. ಬೆಕ್ಕಿಗೆ ಆಗುವ ವೈರಸ್ ಔಷಧಿ ಬೇರೆ ಇದೆ, ಅದನ್ನು ಡಾಕ್ಟರೇ ಬರೆಯಬೇಕು.

ಹಂತ 8: ಡಾಕ್ಟರ ಹತ್ತಿರ

ನಮ್ಮ ಕಡೆ ಇನ್ನೂ "ದನದ ಡಾಕ್ಟ್ರು" ಎಂದೇ ಕರೆಯುವುದು. ಹಾಗಾಗಿ ಬೆಕ್ಕು ತೆಗೆದುಕೊಂಡು ಹೋಗಲು ಕೆಲವರಿಗೆ ಸಂಕೋಚ. ಸಂಕೋಚ ಬೇಡ. ತಾಲ್ಲೂಕಿನ ಪಶು ಆಸ್ಪತ್ರೆಗೆ ಮೊದಲು ಫೋನ್ ಮಾಡಿ, ಡಾಕ್ಟರು ಇದ್ದಾರಾ, ಹಳ್ಳಿ ಕಡೆ ಹೋಗಿದ್ದಾರಾ ಕೇಳಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕಣ್ಣಿನ ಹುಣ್ಣು ವಾಸಿಯಾಗದೆ ಎಳೆಯುತ್ತಿದ್ದರೆ ಅಂಥ ಕಡೆ ತೋರಿಸುವುದು ಒಳ್ಳೆಯದು. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ದಾರಿ.

ಬೆಕ್ಕನ್ನು ಕೈಯಲ್ಲಿ ಹಿಡಿದುಕೊಂಡು ಬೈಕ್ ಹತ್ತಬೇಡಿ. ಮುಚ್ಚಳ ಕಟ್ಟಬಹುದಾದ ಬುಟ್ಟಿಗೆ ಅದು ಮಲಗುವ ಹಳೇ ಸೀರೆ ತುಂಡು ಹಾಸಿ, ಮೇಲೆ ಬಟ್ಟೆ ಮುಚ್ಚಿ. ಕತ್ತಲಾದರೆ ಸುಮ್ಮನಿರುತ್ತದೆ. ಕಣ್ಣು ಉಜ್ಜಿಕೊಳ್ಳುತ್ತಿದ್ದರೆ ಕುತ್ತಿಗೆಗೆ ಕಟ್ಟುವ ಕೋನ್ ಬೇಕಾಗುತ್ತದೆ, ಅದನ್ನು ಡಾಕ್ಟರ ಹತ್ತಿರ ಕೇಳಿ.

ಹೇಳಬೇಕಾದದ್ದು: ಯಾವತ್ತು ಶುರುವಾಯಿತು, ಯಾವ ಕಣ್ಣು ಮೊದಲು, ಲಸಿಕೆ ಆಗಿದೆಯಾ, ಬೇರೆ ಬೆಕ್ಕುಗಳಿಗೂ ಇದೆಯಾ, ಮತ್ತು ನೀವು ಏನು ಹಾಕಿದಿರಿ. ಕೊನೆಯದನ್ನು ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ನಾನೂ ಮೊದಲು ಸುಮ್ಮನಿದ್ದೆ, ಬಾಟಲಿ ತೋರಿಸಿದ ಮೇಲೇ ಅವರಿಗೆ ವಿಷಯ ಗೊತ್ತಾದದ್ದು. ಹುಣ್ಣು ಇದೆಯಾ ಎಂದು ಬಣ್ಣದ ಪಟ್ಟಿಯಿಂದ ನೋಡುತ್ತೀರಾ ಎಂದು ಕೇಳಲೂ ಹಿಂಜರಿಯಬೇಡಿ.

ಹಂತ 9: ಮನೆಯಲ್ಲಿ ಔಷಧಿ ಹಾಕುವುದು

ಟವೆಲ್ಲಿನಲ್ಲಿ ಕುತ್ತಿಗೆಯವರೆಗೆ ಸುತ್ತಿ, ತಲೆ ಮಾತ್ರ ಹೊರಗೆ. ಬಾಟಲಿಯನ್ನು ಕಣ್ಣಿನ ಎದುರಿನಿಂದ ತರಬೇಡಿ, ತಲೆಯ ಹಿಂದಿನಿಂದ ಮೇಲೆ ತನ್ನಿ. ಕಾಣದಿದ್ದರೆ ಹೆದರುವುದಿಲ್ಲ. ಒಂದು ಹನಿ ಸಾಕು. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5–10 ನಿಮಿಷ ಬಿಡಿ. ಮುಲಾಮು ಇದ್ದರೆ ಅದು ಕೊನೆಗೆ. ಹಾಕಿದ ತಕ್ಷಣ ಏನಾದರೂ ತಿನ್ನಲು ಕೊಡಿ. ಚಿನ್ನಿಗೆ ಒಂದು ಚೂರು ಬೇಯಿಸಿದ ಮೀನು ಕೊಡುತ್ತಿದ್ದೆ. ಮೂರನೇ ದಿನದಿಂದ ಟವೆಲ್ ನೋಡಿದರೆ ತಾನೇ ಬರುತ್ತಿದ್ದಳು.

ಎರಡು ದಿನದಲ್ಲಿ ಕಣ್ಣು ಚೆಂದ ಕಂಡರೂ ಹೇಳಿದಷ್ಟು ದಿನ ಹಾಕಿ. ಎರಡು ದಿನವಾದರೂ ಕಣ್ಣು ಇನ್ನೂ ಕಿರಿದೇ ಇದ್ದರೆ ಮತ್ತೆ ತೋರಿಸಿ.

ಆ ದಿನಗಳಲ್ಲಿ ಬೇರೆ ಬೆಕ್ಕುಗಳಿಂದ ದೂರ ಇಡಿ, ತಟ್ಟೆ ಬೇರೆ ಮಾಡಿ. ಬೆಕ್ಕಿನ ಹರ್ಪಿಸ್ ಮನುಷ್ಯರಿಗೆ ಬರುವುದಿಲ್ಲ. ಕ್ಲಮೈಡಿಯಾ ಅಪರೂಪಕ್ಕೆ ಬರಬಹುದು, ಆದ್ದರಿಂದ ಸೋಪಿನಲ್ಲಿ ಕೈ ತೊಳೆಯಿರಿ, ಮಕ್ಕಳು ಮುಖಕ್ಕೆ ಮುಖ ಇಟ್ಟು ಮುದ್ದಾಡುವುದು ಬೇಡ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬಿಸ್ ವಿಷಯದಲ್ಲಿ ಸಸಾರ ಮಾಡುವಂತಿಲ್ಲ.

ಹಂತ 10: ಮತ್ತೆ ಬರದ ಹಾಗೆ

ಹರ್ಪಿಸ್, ಕ್ಯಾಲಿಸಿ ಮತ್ತು ಬೆಕ್ಕಿನ ಭೇದಿರೋಗ, ಮೂರಕ್ಕೂ ಸೇರಿ ಒಂದೇ ಲಸಿಕೆ ಇದೆ. ಮರಿಗೆ 6–8 ವಾರವಾದಾಗ ಮೊದಲನೆಯದು. ಆಮೇಲೆ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಕಾಯಿಲೆ ಬರುವುದೇ ಇಲ್ಲ ಅಂತಲ್ಲ, ಬಂದರೂ ಹಗುರಾಗಿ ಹೋಗುತ್ತದೆ. ರೇಬಿಸ್ ಲಸಿಕೆ ಬೇರೆ, ಅದನ್ನೂ ಹಾಕಿಸಿ. ಲೈಸಿನ್ ಪುಡಿ ತಿನ್ನಿಸಿದರೆ ಹರ್ಪಿಸ್ ಬರುವುದಿಲ್ಲ ಎನ್ನುವವರಿದ್ದಾರೆ. ಅದರಿಂದ ಉಪಯೋಗ ಆಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿಲ್ಲ. ಆ ದುಡ್ಡನ್ನು ಮೀನಿಗೆ ಹಾಕಿ. ಬರೀ ಹಾಲು ಅನ್ನದಲ್ಲಿ ಬೆಳೆದ ಬೆಕ್ಕಿಗೆ ಮಾಂಸದಿಂದ ಸಿಗುವ ಟಾರಿನ್ ಎಂಬ ಅಂಶ ಸಾಲದೆ ಕಾಲಕ್ರಮೇಣ ದೃಷ್ಟಿಯೇ ಹೋಗಬಹುದು.

ಔಷಧಿ ಮುಗಿದ ಮೇಲೆ ಬಾಟಲಿ ಎತ್ತಿಡಬೇಡಿ. ಹೆಚ್ಚಿನ ಕಣ್ಣಿನ ಡ್ರಾಪ್ಸ್ ತೆರೆದ ಒಂದು ತಿಂಗಳಿಗೆ ಎಸೆಯಬೇಕಾದವು. ನಾನೀಗ ಮುಚ್ಚಳ ತೆರೆದ ದಿನವೇ ಬಾಟಲಿಯ ಮೇಲೆ ತಾರೀಕು ಬರೆದು, ಯಾರದ್ದು ಎಂದೂ ಬರೆಯುತ್ತೇನೆ: ತಾತನದ್ದು, ಚಿನ್ನಿಯದ್ದು.